ತಿಳಿ ಬೋರ್ ನೀರು ಕಾಯಿಸಿದರೆ ಬಿಳಿ ಪದರ ಬರುತ್ತದೆ, ಕರಗಿದ್ದು ಬಿಸಿಯಾದಾಗ ಹೊರಗೆ ಬರೋದು ಯಾಕೆ?

ತಿಕೋಟಾ ತೋಟ:

ನಮಸ್ಕಾರ ರೀ ಎಲ್ಲರಿಗೂ. ರಸಾಯನಶಾಸ್ತ್ರ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬೋರ್ ನೀರನ್ನು ಗ್ಲಾಸಿನಲ್ಲಿ ಹಿಡಿದು ನೋಡಿದರೆ ಪೂರಾ ತಿಳಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದರೂ ಬಟ್ಟೆ ಮೇಲೆ ಏನೂ ಉಳಿಯುವುದಿಲ್ಲ. ಆದರೆ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಚಾಕುವಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಸುಣ್ಣದ ನೀರು ಅಂತ ಹಿರಿಯರು ಹೇಳುತ್ತಾರೆ, ಅದು ಗೊತ್ತು. ಮಗಳು ಒಂಬತ್ತನೇ ಕ್ಲಾಸ್, ಅವಳ ಪ್ರಶ್ನೆ ಬೇರೆ. ಬಿಸಿ ಮಾಡಿದರೆ ವಸ್ತು ಜಾಸ್ತಿ ಕರಗುತ್ತದೆ ಅಂತ ಓದಿದ್ದಾಳೆ. ಹಾಗಿದ್ದರೆ ತಣ್ಣಗಿದ್ದಾಗ ಕರಗಿದ್ದ ಸುಣ್ಣ ಬಿಸಿ ಮಾಡಿದಾಗ ಹೊರಗೆ ಯಾಕೆ ಬರಬೇಕು?

ಇಂಡಿ ಲಿಂಬೆ:

ಅಣ್ಣಾ, ನೀರು ಆವಿಯಾಗಿ ಹೋಗುತ್ತದೆ, ಒಳಗಿದ್ದ ಸುಣ್ಣ ಉಳಿಯುತ್ತದೆ, ಅಷ್ಟೇ ಅಲ್ವಾ. ಬಿಸಿ ಮಾಡಿದರೆ ಎಲ್ಲಾ ವಸ್ತುನೂ ಜಾಸ್ತಿ ಕರಗುತ್ತವೆ. ಚಹಾಕ್ಕೆ ಸಕ್ಕರೆ ಹಾಕಿದರೆ ಕ್ಷಣದಲ್ಲಿ ಕರಗುತ್ತದೆ, ತಣ್ಣೀರಿಗೆ ಹಾಕಿದರೆ ತಳದಲ್ಲೇ ಕೂತಿರುತ್ತದೆ.

ತಿಕೋಟಾ ತೋಟ:

ತಮ್ಮಾ, ನಾನೂ ಅದನ್ನೇ ಹೇಳಿದೆ. ಆದರೆ ನೀರು ಅಷ್ಟೇನೂ ಕಡಿಮೆ ಆಗಿರುವುದಿಲ್ಲ. ಒಂದು ಕುದಿ ಬಂದರೆ ಸಾಕು, ನೀರು ಮಬ್ಬಾಗುತ್ತದೆ. ಮುಚ್ಚಳ ಮುಚ್ಚಿ ಕಾಯಿಸಿದರೂ ಅದೇ ಕಥೆ.

ಜಮಖಂಡಿ ಮಾಸ್ತರ:

ಮಗಳ ಪ್ರಶ್ನೆ ಬಹಳ ಒಳ್ಳೆಯದು ರೀ. ಇದಕ್ಕೆ ಉತ್ತರ ಕೊಡಬೇಕಾದರೆ ಮೊದಲು ಎರಡು ವಿಷಯ ಬೇರೆ ಮಾಡಬೇಕು. ಬೇಗ ಕರಗುವುದು ಬೇರೆ, ಜಾಸ್ತಿ ಕರಗುವುದು ಬೇರೆ. ಚಹಾದಲ್ಲಿ ಸಕ್ಕರೆ ಬೇಗ ಕರಗುತ್ತದೆ, ನಿಜ. ಚಮಚ ಹಾಕಿ ತಿರುವಿದರೂ ಬೇಗ ಕರಗುತ್ತದೆ, ಪುಡಿ ಮಾಡಿ ಹಾಕಿದರೂ ಬೇಗ ಕರಗುತ್ತದೆ. ಆದರೆ ತಿರುವುವುದರಿಂದ, ಪುಡಿ ಮಾಡುವುದರಿಂದ ಒಟ್ಟು ಎಷ್ಟು ಕರಗಬಹುದು ಅನ್ನುವ ಮಿತಿ ಬದಲಾಗುವುದಿಲ್ಲ. ಆ ಮಿತಿಯನ್ನೇ ನಾವು ವಿಲೀನತೆ ಅನ್ನುತ್ತೇವೆ. ಇಷ್ಟು ನೀರು, ಇಷ್ಟು ಉಷ್ಣತೆ, ಇಷ್ಟೇ ವಸ್ತು. ಅದಕ್ಕಿಂತ ಜಾಸ್ತಿ ಹಾಕಿದರೆ ತಳದಲ್ಲಿ ಕೂರುತ್ತದೆ.

ಈಗ ಲೆಕ್ಕ ನೋಡಿ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಯಲ್ಲಿ ಸಕ್ಕರೆ ಸುಮಾರು 200 ಗ್ರಾಂ ಕರಗುತ್ತದೆ. ಹೌದು, ನೀರಿನ ಎರಡು ಪಟ್ಟು ತೂಕ. 100 ಡಿಗ್ರಿಗೆ ಹೋದರೆ 480 ಗ್ರಾಂ ದಾಟುತ್ತದೆ. ಆದರೆ ಅಡುಗೆ ಉಪ್ಪು 20 ಡಿಗ್ರಿಯಲ್ಲಿ 36 ಗ್ರಾಂ, 100 ಡಿಗ್ರಿಯಲ್ಲಿ 39 ಗ್ರಾಂ. ಕುದಿಯುವ ನೀರಿಗೂ ತಣ್ಣೀರಿಗೂ ಉಪ್ಪಿನ ಮಟ್ಟಿಗೆ ವ್ಯತ್ಯಾಸ ಬರೀ ಮೂರು ಗ್ರಾಂ. ಇನ್ನು ಸುಣ್ಣದ ತಿಳಿ ನೀರಿನಲ್ಲಿರುವ ಅರಳಿದ ಸುಣ್ಣ ತಗೊಳ್ಳಿ. ಅದು 20 ಡಿಗ್ರಿಯಲ್ಲಿ ಲೀಟರಿಗೆ 1.7 ಗ್ರಾಂ ಕರಗುತ್ತದೆ, ಕುದಿಯುವ ನೀರಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಅಂದರೆ ಬಿಸಿ ಮಾಡಿದರೆ ಎಲ್ಲವೂ ಜಾಸ್ತಿ ಕರಗುತ್ತವೆ ಅನ್ನುವ ನಿಯಮವೇ ಇಲ್ಲ. ಬಹಳಷ್ಟು ಘನ ವಸ್ತುಗಳು ಹಾಗೆ, ಕೆಲವು ಹಾಗಲ್ಲ. ಒಂದೊಂದನ್ನೂ ಅಳೆದೇ ತಿಳಿಯಬೇಕು.

ನಿಮ್ಮ ಪಾತ್ರೆಯ ಪದರದ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಇದೆ. ಅಲ್ಲಿ ಬರೀ ಕರಗುವುದು ಅಲ್ಲ, ರಾಸಾಯನಿಕ ಕ್ರಿಯೆಯೇ ನಡೆಯುತ್ತಿದೆ. ಸಂಜೆ ಬರೆಯುತ್ತೇನೆ.

ಮಹಾಲಿಂಗಪುರ ಬೆಲ್ಲ:

ಮಾಸ್ತರ್ ಹೇಳಿದ ಸಕ್ಕರೆ ಲೆಕ್ಕ ನಮ್ಮ ಗಾಣದಲ್ಲಿ ದಿನಾ ಕಣ್ಣಿಗೆ ಕಾಣುತ್ತದೆ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದಾಗ ಅದರಲ್ಲಿ ಎರಡು ಜಾತಿ ಮಾಲು ಇರುತ್ತದೆ. ಒಂದು ಕರಗಿದ ಸಕ್ಕರೆ. ಇನ್ನೊಂದು ಕರಗದೆ ತೇಲಾಡುವ ಮಣ್ಣು, ಕಬ್ಬಿನ ನಾರು, ಮೇಣ, ಲೋಳೆ. ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ರಸ ಹಾಕುತ್ತೇವೆ, ಕಾದ ಹಾಗೆ ಈ ತೇಲುವ ಮಾಲೆಲ್ಲ ಅದಕ್ಕೆ ಅಂಟಿಕೊಂಡು ಮಡ್ಡಿಯಾಗಿ ಮೇಲೆ ಬರುತ್ತದೆ. ಜರಡಿ ಸೌಟಿನಿಂದ ತೆಗೆದು ಬಿಸಾಕುತ್ತೇವೆ. ಸಕ್ಕರೆ ಮಾತ್ರ ಒಂದು ಚೂರೂ ಮಡ್ಡಿ ಜೊತೆ ಬೇರೆಯಾಗಿ ಬರುವುದಿಲ್ಲ, ಯಾಕೆಂದರೆ ಅದು ಕರಗಿದೆ. ಅದನ್ನು ಹೊರಗೆ ತರಬೇಕಾದರೆ ನೀರನ್ನೇ ಓಡಿಸಬೇಕು.

ಕುದಿ ಹೆಚ್ಚಾದ ಹಾಗೆ ಪಾಕದ ಉಷ್ಣತೆ 100 ದಾಟುತ್ತದೆ. ನೀರು 100ಕ್ಕೆ ಕುದಿಯುತ್ತದೆ ಅನ್ನುತ್ತಾರೆ, ಆದರೆ ಪಾಕ 118 ಡಿಗ್ರಿ ಆಸುಪಾಸು ಬಂದಾಗ ನಾವು ಇಳಿಸುತ್ತೇವೆ. ಥರ್ಮಾಮೀಟರ್ ಇಲ್ಲದವರು ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಿನಿಂದ ಉಂಡೆ ಕಟ್ಟಿ ನೋಡುತ್ತಾರೆ. ಕರಗಿದ್ದು ಜಾಸ್ತಿಯಾದ ಹಾಗೆ ಕುದಿಯುವ ಉಷ್ಣತೆ ಏರುತ್ತದೆ ಅಂತ ಯಾರೋ ಓದಿದವರು ಹೇಳಿದ್ದರು, ಅದು ಸರಿನಾ ಮಾಸ್ತರ್ರೇ?

ಜಮಖಂಡಿ ಮಾಸ್ತರ:

ಪೂರ್ತಿ ಸರಿ. ನಿಮ್ಮ ಥರ್ಮಾಮೀಟರ್ ಅಲ್ಲಿ ಉಷ್ಣತೆ ಮಾತ್ರ ತೋರಿಸುತ್ತಿಲ್ಲ, ಪಾಕದಲ್ಲಿ ಇನ್ನೂ ಎಷ್ಟು ನೀರು ಉಳಿದಿದೆ ಅನ್ನುವುದನ್ನೂ ಹೇಳುತ್ತಿದೆ. 118 ಅಂದರೆ ನೀರು ಬಹಳ ಕಡಿಮೆ ಉಳಿದಿದೆ ಅಂತ. ಅದನ್ನು ತಣ್ಣಗಾಗಲು ಬಿಟ್ಟರೆ ಉಳಿದ ನೀರಿಗೆ ಅಷ್ಟು ಸಕ್ಕರೆ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹರಳು ಕಟ್ಟಲೇಬೇಕು. ನೀವು ಮರದ ಹುಟ್ಟಿನಿಂದ ತಿರುವಿದಾಗ ಆ ಹರಳುಗಳು ಎಲ್ಲ ಕಡೆ ಒಟ್ಟಿಗೆ, ಸಣ್ಣದಾಗಿ ಹುಟ್ಟುತ್ತವೆ, ಬೆಲ್ಲ ಗಟ್ಟಿಯಾಗುತ್ತದೆ.

ಮಹಾಲಿಂಗಪುರ ಬೆಲ್ಲ:

ಹಳೇ ಕಬ್ಬು ಬಂದರೆ ಎಷ್ಟೇ ಕಾಯಿಸಿದರೂ ಬೆಲ್ಲ ಅಚ್ಚು ಕಟ್ಟುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಅದು ಯಾಕೆ?

ಜಮಖಂಡಿ ಮಾಸ್ತರ:

ಕಬ್ಬು ಕಡಿದು ಬಹಳ ಹೊತ್ತು ಬಿಸಿಲಲ್ಲಿ ಬಿದ್ದರೆ ಅದರೊಳಗಿನ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡಾಗುತ್ತದೆ. ರಸ ಹುಳಿಯಾಗಿದ್ದರೆ ಕಾಯಿಸುವಾಗಲೂ ಒಡೆಯುತ್ತದೆ, ಅದಕ್ಕೇ ನೀವು ಸ್ವಲ್ಪ ಸುಣ್ಣದ ನೀರು ಹಾಕಿ ಹುಳಿ ಮುರಿಯುವುದು. ಈ ಎರಡು ಸಕ್ಕರೆಗಳು ಮಧ್ಯೆ ಸೇರಿಕೊಂಡರೆ ದೊಡ್ಡ ಸಕ್ಕರೆಯ ಹರಳು ಕಟ್ಟಲು ಬಿಡುವುದಿಲ್ಲ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಸಕ್ಕರೆ ಕಾರ್ಖಾನೆಯವರು ಇದಕ್ಕೇ ಹೆದರಿ ರಸವನ್ನು ನಿರ್ವಾತದ ಪ್ಯಾನಿನಲ್ಲಿ ಕಡಿಮೆ ಉಷ್ಣತೆಯಲ್ಲಿ ಕುದಿಸುತ್ತಾರೆ. ಹರಳು ತಾನಾಗಿ ಹುಟ್ಟಲಿ ಅಂತ ಕಾಯುವುದೂ ಇಲ್ಲ. ನುಣ್ಣಗೆ ಅರೆದ ಸಕ್ಕರೆಯನ್ನು ಬೀಜವಾಗಿ ಬಿಡುತ್ತಾರೆ, ಅದರ ಮೇಲೆ ಹರಳು ಬೆಳೆಯುತ್ತದೆ, ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸಿ ಕಾಕಂಬಿ ಬೇರೆ ಮಾಡುತ್ತಾರೆ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆಯಲ್ಲ, ಅಲ್ಲಿ ಓದುವ ಹುಡುಗರಿಗೆ ಇದೇ ಮುಖ್ಯ ಪಾಠ.

ಸರಿ, ಈಗ ಪದರದ ವಿಷಯ. ಮಳೆ ನೀರು ನೆಲಕ್ಕೆ ಇಳಿಯುವಾಗ ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಬೇರು ಉಸಿರಾಡುವುದರಿಂದ, ಕಸ ಕೊಳೆಯುವುದರಿಂದ ಮಣ್ಣಿನಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ನೀರು ಅಷ್ಟರಿಂದಲೇ ಸ್ವಲ್ಪ ಆಮ್ಲವಾಗುತ್ತದೆ. ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬರೀ ನೀರಿನಲ್ಲಿ ಲೀಟರಿಗೆ 15 ಮಿಲಿಗ್ರಾಂ ಕರಗುವುದೂ ಕಷ್ಟ. ಆದರೆ ಈ ಅನಿಲ ಸೇರಿದ ನೀರು ಸಿಕ್ಕರೆ ಅದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ನೂರಾರು ಮಿಲಿಗ್ರಾಂ ಕರಗಿಬಿಡುತ್ತದೆ. ಲೋಕಾಪುರದ ಕಡೆ ಸುಣ್ಣಕಲ್ಲೇ ಇದೆ, ಅದಕ್ಕೇ ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು. ತಿಕೋಟಾ ಕಡೆ ಕಪ್ಪು ಕಲ್ಲಿನ ನೆಲ, ಆದರೆ ಎರೆ ಹೊಲ ಅಗೆದರೆ ಬೆರಳ ಗಾತ್ರದ ಬಿಳಿ ಸುಣ್ಣದ ಗಂಟುಗಳು ಸಿಗುತ್ತವೆ. ನಿಮ್ಮ ನೀರು ಅದನ್ನೆಲ್ಲ ಮುಟ್ಟಿಕೊಂಡೇ ಬೋರಿಗೆ ಬರುವುದು.

ನೀವು ಕಾಯಿಸಿದಾಗ ಏನಾಗುತ್ತದೆ? ಅನಿಲಗಳು ಘನವಸ್ತುಗಳಿಗೆ ಉಲ್ಟಾ. ನೀರು ಬಿಸಿಯಾದ ಹಾಗೆ ಅನಿಲ ಕಡಿಮೆ ಕರಗುತ್ತದೆ, ಕುದಿ ಬಂದಾಗ ಇಂಗಾಲದ ಡೈಆಕ್ಸೈಡ್ ಹಾರಿ ಹೋಗುತ್ತದೆ. ಅದು ಹೋದ ಮೇಲೆ ಬೈಕಾರ್ಬೊನೇಟ್ ಒಡೆದು ಮತ್ತೆ ಕಾರ್ಬೊನೇಟ್ ಆಗುತ್ತದೆ. ಕಾರ್ಬೊನೇಟ್ ಕರಗುವ ಜಾತಿ ಅಲ್ಲ, ತಳ ಹಿಡಿಯುತ್ತದೆ. ನೀರು ಆವಿಯಾಗಲೇಬೇಕು ಅಂತೇನಿಲ್ಲ, ಅನಿಲ ಹೊರಟು ಹೋದರೆ ಸಾಕು. ಮುಚ್ಚಳ ಮುಚ್ಚಿದರೂ ಪದರ ಬರುವುದು ಇದಕ್ಕೇ. ಮಗಳಿಗೆ ಹೇಳಿ, ಹಂಡೆಗೆ ಹಾಕಿದ್ದು ಒಂದು ವಸ್ತು, ಹೊರಗೆ ಬಂದದ್ದು ಇನ್ನೊಂದು ವಸ್ತು.

ಇದೇ ಕ್ರಿಯೆಯ ಒಂದು ತುದಿ ವಿಜಯಪುರದಲ್ಲೇ ನಿಂತಿದೆ. ಗೋಳಗುಮ್ಮಟ 1656ರಲ್ಲಿ ಮುಗಿಯಿತು, ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಅರಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಸುಣ್ಣಕಲ್ಲಾಗುತ್ತಾ ಹೋಗುತ್ತದೆ. ಸಿಮೆಂಟ್ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಗುಮ್ಮಟ ನಿಂತಿದೆ ಅಂದರೆ ಈ ಕ್ರಿಯೆಗೂ ಅದರಲ್ಲಿ ಪಾಲಿದೆ.

ಬೆಳಗಾವಿ ಅಕ್ಕ:

ನಾನು ನೀರು ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮಾಸ್ತರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು, ಇದು ಆರೋಗ್ಯದ ವಿಷಯ. ನೀರಿನ ಗಡಸುತನ ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಷಿಯಂ; ಕುದಿಸಿದರೆ ಬೈಕಾರ್ಬೊನೇಟಿನ ಗಡಸುತನ ಮಾತ್ರ ಇಳಿಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಸಲ್ಫೇಟ್, ಕ್ಲೋರೈಡ್ ಇದ್ದರೆ ಅವು ಕುದಿಸಿದರೂ ಕರಗಿಯೇ ಇರುತ್ತವೆ. ಫ್ಲೋರೈಡ್, ನೈಟ್ರೇಟ್ ಕೂಡ ಹಾಗೇ. ನಮ್ಮ ಕಡೆ ಕೆಲವು ಬೋರ್‌ಗಳಲ್ಲಿ ಫ್ಲೋರೈಡ್ ಇದೆ, ಕುದಿಸಿ ಕುಡಿದರೆ ಹೋಗುತ್ತದೆ ಅಂತ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕುದಿಸುವುದು ಕ್ರಿಮಿ ಸಾಯಿಸಲು, ಕರಗಿದ ಲವಣ ತೆಗೆಯಲು ಅಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಇದೆ. ಕರಗಿದ ಒಟ್ಟು ಘನವಸ್ತು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000 ತನಕ. ಗಡಸುತನ 200, ಬೇರೆ ದಾರಿ ಇಲ್ಲದಿದ್ದರೆ 600. ಫ್ಲೋರೈಡ್ 1 ಮಿಲಿಗ್ರಾಂ, ಹೆಚ್ಚೆಂದರೆ 1.5.

ಇಂಡಿ ಲಿಂಬೆ:

ಅಕ್ಕಾರೇ, ಇದೇ ವಿಷಯಕ್ಕೆ ಒಂದು ಕೇಳಬೇಕಿತ್ತು. ನಮ್ಮ ಓಣಿಗೆ ಒಬ್ಬರು ಫಿಲ್ಟರ್ ಮಾರಲು ಬಂದಿದ್ದರು. ಎರಡು ಗ್ಲಾಸ್ ಇಟ್ಟರು, ಒಂದರಲ್ಲಿ ನಮ್ಮ ನಳದ ನೀರು, ಒಂದರಲ್ಲಿ ಅವರ ಫಿಲ್ಟರ್ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿ ಇರುವ ಒಂದು ಸಾಮಾನು ಇಳಿಸಿ ಕರೆಂಟ್ ಕೊಟ್ಟರು. ನಮ್ಮ ನೀರು ನೋಡನೋಡುತ್ತಾ ಕೆಂಪು ಹಸಿರು ಕೆಸರಾಯಿತು. ಅವರ ನೀರು ತಿಳಿಯಾಗೇ ಉಳಿಯಿತು. ಇಷ್ಟು ಹೊಲಸು ಕುಡಿಯುತ್ತಿದ್ದೀರಿ ಅಂದರು. ನಮ್ಮ ಅಜ್ಜಿ ಅವತ್ತಿನಿಂದ ನಳದ ನೀರು ಮುಟ್ಟಲು ಹೆದರುತ್ತಾಳೆ.

ಬೆಳಗಾವಿ ಅಕ್ಕ:

ಇದನ್ನು ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಆ ಕೆಸರು ನಿಮ್ಮ ನೀರಿನಲ್ಲಿ ಇರಲೇ ಇಲ್ಲ. ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ಕಬ್ಬಿಣದ ಹೈಡ್ರಾಕ್ಸೈಡ್ ಆಗಿ ಕೂತದ್ದು. ನಳದ ನೀರಿನಲ್ಲಿ ಸ್ವಲ್ಪ ಲವಣ ಕರಗಿರುತ್ತದೆ, ಅದಕ್ಕೇ ಕರೆಂಟ್ ಹರಿಯುತ್ತದೆ. ಅವರ ನೀರಿನಲ್ಲಿ ಲವಣ ಬಹಳ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ಮತ್ತೆ ಬಂದರೆ ಅವರ ತಿಳಿ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಸಾಮಾನು ಇಳಿಸಲು ಹೇಳಿ. ಅದೂ ಕೆಸರಾಗುತ್ತದೆ. ಅಜ್ಜಿಗೆ ಎದುರಲ್ಲೇ ತೋರಿಸಿ, ಅವರ ಹೆದರಿಕೆ ಹೋಗಬೇಕು.

ಟಿಡಿಎಸ್ (ಕರಗಿದ ಒಟ್ಟು ಘನವಸ್ತು) ಮೀಟರ್ ಅಂತ ಪೆನ್ನಿನ ಹಾಗಿರುವ ಯಂತ್ರ ತೋರಿಸುತ್ತಾರಲ್ಲ, ಅದೂ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನೇ ಅಳೆದು ಅಂದಾಜಿನ ಅಂಕಿ ಕೊಡುತ್ತದೆ. ಉಪ್ಪು ನೀರಿಗೆ ಬಿದ್ದರೆ ಸೋಡಿಯಂ, ಕ್ಲೋರೈಡ್ ಅಂತ ವಿದ್ಯುತ್ ಕಣಗಳಾಗಿ ಬಿಡಿಯಾಗುತ್ತದೆ, ಮೀಟರ್ ಏರುತ್ತದೆ. ಸಕ್ಕರೆ ಹಾಗೆ ಬಿಡಿಯಾಗುವುದಿಲ್ಲ, ಅಣುವಾಗೇ ಕರಗುತ್ತದೆ. ನಾಲ್ಕು ಚಮಚ ಸಕ್ಕರೆ ಕರಗಿಸಿದರೂ ಮೀಟರ್ ಹೆಚ್ಚೇನೂ ಏರುವುದಿಲ್ಲ. ಮಗಳು ಇದನ್ನು ಮಾಡಿ ನೋಡಬೇಕು. ಮೀಟರಿನ ಅಂಕಿ ಕಡಿಮೆ ಬಂದರೆ ನೀರು ಒಳ್ಳೆಯದು ಅಂತ ಅಲ್ಲ, ಕ್ರಿಮಿ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ, ಫ್ಲೋರೈಡ್ ಎಷ್ಟು ಅಂತಲೂ ಹೇಳುವುದಿಲ್ಲ.

ತಿಕೋಟಾ ತೋಟ:

ಅಕ್ಕಾರೇ, ಪಾತ್ರೆಯ ಪದರ ತೆಗೆಯಲು ಇಂಡಿ ಲಿಂಬೆ ಸಾಕಾ?

ಬೆಳಗಾವಿ ಅಕ್ಕ:

ಸಾಕು. ಲಿಂಬೆ ರಸ ಬಿಟ್ಟರೆ ಗುಳ್ಳೆ ಬರುತ್ತದೆ, ಅದು ಇಂಗಾಲದ ಡೈಆಕ್ಸೈಡ್. ಆದರೆ ದಪ್ಪ ಪದರ ಇದ್ದರೆ ಬಿಳಿ ವಿನೆಗರ್ ಮೇಲು. ಲಿಂಬೆಯ ಸಿಟ್ರಿಕ್ ಆಮ್ಲದಿಂದ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಅಷ್ಟಾಗಿ ಕರಗುವುದಿಲ್ಲ, ಮತ್ತೆ ಮಬ್ಬಾಗಿ ಕೂರಬಹುದು. ವಿನೆಗರ್‌ನಿಂದ ಆಗುವ ಕ್ಯಾಲ್ಸಿಯಂ ಅಸಿಟೇಟ್ ಚೆನ್ನಾಗಿ ಕರಗುತ್ತದೆ, ತೊಳೆದರೆ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಆದರೆ ಎರಡನ್ನೂ ಬಹಳ ಹೊತ್ತು ಬಿಡಬೇಡಿ.

ಅಥಣಿ ಡ್ರಿಪ್:

ಮಾತು ನೀರಿನಿಂದ ಗೊಬ್ಬರಕ್ಕೆ ಬರಲಿ, ನಮ್ಮ ರೈತರಿಗೆ ಇದರಿಂದ ಆಗುವ ನಷ್ಟ ಜಾಸ್ತಿ. ನಾನು ಡ್ರಿಪ್ ಸಾಮಾನು, ನೀರಲ್ಲಿ ಕರಗುವ ಗೊಬ್ಬರ ಮಾರುತ್ತೇನೆ. ಎರಡು ಗೊಬ್ಬರ ಬೇರೆ ಬೇರೆ ಬಕೆಟ್ಟಿನಲ್ಲಿ ಚೆನ್ನಾಗಿ ಕರಗುತ್ತವೆ ಅಂದ ಮಾತ್ರಕ್ಕೆ ಒಂದೇ ಟ್ಯಾಂಕಿನಲ್ಲಿ ಹಾಕಬಹುದು ಅಂತ ತಿಳಿಯಬೇಡಿ. ಕ್ಯಾಲ್ಸಿಯಂ ನೈಟ್ರೇಟ್ ಪೂರಾ ಕರಗುತ್ತದೆ. 12:61:0, ಅಂದರೆ ಮೊನೊ ಅಮೋನಿಯಂ ಫಾಸ್ಫೇಟ್, ಅದೂ ಕರಗುತ್ತದೆ. ಎರಡನ್ನೂ ಸೇರಿಸಿ, ಮೊಸರಿನ ಹಾಗೆ ಬಿಳಿ ಗಸಿ ಬರುತ್ತದೆ. ಕ್ಯಾಲ್ಸಿಯಂ ಹೋಗಿ ಫಾಸ್ಫೇಟನ್ನು ಹಿಡಿಯುತ್ತದೆ, ಆ ಜೋಡಿ ಕರಗುವುದಿಲ್ಲ. 0:0:50, ಅಂದರೆ ಪೊಟ್ಯಾಸಿಯಂ ಸಲ್ಫೇಟ್, ಅದರ ಜೊತೆ ಹಾಕಿದರೆ ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ, ಅದು ಜಿಪ್ಸಂ, ಲೀಟರಿಗೆ ಎರಡೂವರೆ ಗ್ರಾಂ ಹತ್ತಿರ ಮಾತ್ರ ಕರಗುತ್ತದೆ. ಅದಕ್ಕಿಂತ ಜಾಸ್ತಿ ಆದದ್ದೆಲ್ಲ ಫಿಲ್ಟರ್ ದಾಟಿ ಹೋಗಿ ಡ್ರಿಪ್ಪರ್ ಬಾಯಲ್ಲಿ ಗಟ್ಟಿಯಾಗುತ್ತದೆ. ಗೊಬ್ಬರಕ್ಕೆ ಕೊಟ್ಟ ದುಡ್ಡೂ ಹೋಯಿತು, ಗಿಡಕ್ಕೂ ಸಿಗಲಿಲ್ಲ, ಲ್ಯಾಟರಲ್ (ಹನಿ ಬಿಡುವ ಪೈಪು) ಬದಲಿಸುವ ಖರ್ಚು ಬೇರೆ.

ಕ್ಯಾಲ್ಸಿಯಂ ಇರುವುದನ್ನು ಒಂದು ದಿನ ಬಿಡಿ, ಫಾಸ್ಫೇಟ್ ಸಲ್ಫೇಟ್ ಇರುವುದನ್ನು ಇನ್ನೊಂದು ದಿನ ಬಿಡಿ, ನಡುವೆ ಬರೀ ನೀರು ಓಡಿಸಿ. ಹೊಸ ಜೋಡಿ ಹಾಕುವ ಮುಂಚೆ ಗಾಜಿನ ಬಾಟಲಿಯಲ್ಲಿ ನಿಮ್ಮದೇ ಬೋರ್ ನೀರು ತಗೊಂಡು, ಟ್ಯಾಂಕಿನಲ್ಲಿ ಹಾಕುವ ಲೆಕ್ಕದಲ್ಲೇ ಕರಗಿಸಿ, ಒಂದೆರಡು ತಾಸು ಇಟ್ಟು ನೋಡಿ. ಮಬ್ಬು ಬಂದರೆ ಡ್ರಿಪ್ಪಿಗೆ ಬೇಡ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಇದೆ, ಹೀಗಾಗಿ ಅಂಗಡಿಯಲ್ಲಿ ಸಿಗುವ ಬಾಟಲಿ ನೀರಿನಲ್ಲಿ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ.

ಇಂಡಿ ಲಿಂಬೆ:

ಚಳಿಗಾಲದಲ್ಲಿ ರಾತ್ರಿ ಟ್ಯಾಂಕಿನಲ್ಲಿ 13:0:45 ಕರಗಿಸಿ ಇಟ್ಟಿದ್ದು ಬೆಳಿಗ್ಗೆ ತಳದಲ್ಲಿ ಹರಳಾಗಿ ಕೂತಿರುತ್ತದೆ. ಮಾಲು ಕಲಬೆರಕೆ ಅಂತ ಎಲ್ಲರೂ ಅಂಗಡಿಯವರ ಜೊತೆ ಜಗಳ ಮಾಡುತ್ತಾರೆ.

ಅಥಣಿ ಡ್ರಿಪ್:

ಅದು ಕಲಬೆರಕೆಯ ಗುರುತು ಅಲ್ಲ ತಮ್ಮಾ, ಜಾಸ್ತಿ ಗಟ್ಟಿ ಮಾಡಿದ್ದರ ಗುರುತು. 13:0:45 ಅಂದರೆ ಪೊಟ್ಯಾಸಿಯಂ ನೈಟ್ರೇಟ್. 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 32 ಗ್ರಾಂ ಕರಗುತ್ತದೆ, 10 ಡಿಗ್ರಿಗೆ ಇಳಿದರೆ 21 ಗ್ರಾಂ. ಸಂಜೆ ಬಿಸಿಲು ಕಾದ ನೀರಿನಲ್ಲಿ 30 ಗ್ರಾಂ ಲೆಕ್ಕದಲ್ಲಿ ಕರಗಿಸಿದರೆ, ರಾತ್ರಿ ಚಳಿಗೆ ಹೆಚ್ಚಿನದು ಹೊರಗೆ ಬೀಳಲೇಬೇಕು. ನೀರು ಜಾಸ್ತಿ ಹಾಕಿ, ಇಲ್ಲ ಬೆಳಿಗ್ಗೆ ಕರಗಿಸಿ ಆಗಲೇ ಬಿಡಿ. ಇನ್ನೊಂದು, ಯೂರಿಯಾ ಕರಗಿಸುವಾಗ ಬಕೆಟ್ ಮುಟ್ಟಿ ನೋಡಿದ್ದೀರಾ? ಹೊರಗೆ ನೀರಿನ ಹನಿ ಕಟ್ಟುವಷ್ಟು ತಣ್ಣಗಾಗುತ್ತದೆ. ಕರಗುವಾಗ ಅದು ನೀರಿನ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಯೂರಿಯಾದ ಜೊತೆಗೇ ಬೇರೆ ಗೊಬ್ಬರ ಸುರಿದರೆ ಆ ತಂಪಿನಲ್ಲಿ ಅದು ಕರಗದೆ ಉಳಿಯುತ್ತದೆ. ಹೀಗಾಗಿ ಯೂರಿಯಾ ಕೊನೆಗೆ.

ಜಮಖಂಡಿ ಮಾಸ್ತರ:

ಡ್ರಿಪ್ಪಿನವರು ಹೇಳಿದ್ದರಲ್ಲೇ ಮಗಳ ಇನ್ನೊಂದು ಪಾಠ ಇದೆ. ಕರಗುವಾಗ ಬಿಸಿ ಎಳೆದುಕೊಳ್ಳುವ ಯೂರಿಯಾ, ಪೊಟ್ಯಾಸಿಯಂ ನೈಟ್ರೇಟ್ ಅಂಥವು ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತವೆ. ಅರಳಿದ ಸುಣ್ಣ ಕರಗುವಾಗ ಬಿಸಿ ಹೊರಗೆ ಬಿಡುತ್ತದೆ, ಅದು ಬಿಸಿ ನೀರಿನಲ್ಲಿ ಕಡಿಮೆ. ಅಡುಗೆ ಉಪ್ಪು ಹೆಚ್ಚುಕಡಿಮೆ ಎಳೆಯುವುದೂ ಇಲ್ಲ ಬಿಡುವುದೂ ಇಲ್ಲ, ಅದರ ಅಂಕಿ ಹೆಚ್ಚೇನೂ ಅಲುಗುವುದಿಲ್ಲ. ಸೋಡಾ ಬಾಟಲಿಯ ಗ್ಯಾಸ್ ಕೂಡ ಕರಗುವಾಗ ಬಿಸಿ ಬಿಡುವ ಜಾತಿ, ಬಿಸಿಲಿಗೆ ಇಟ್ಟ ಗೋಲಿ ಸೋಡಾ ಭುಸ್ ಅನ್ನುವುದು ಅದಕ್ಕೇ. 0 ಡಿಗ್ರಿಯಲ್ಲಿ ಲೀಟರ್ ನೀರಿಗೆ 3.3 ಗ್ರಾಂ ಹಿಡಿಯುವ ಇಂಗಾಲದ ಡೈಆಕ್ಸೈಡ್ 20 ಡಿಗ್ರಿಯಲ್ಲಿ 1.7ಕ್ಕೆ ಇಳಿಯುತ್ತದೆ. ಒತ್ತಡ ಹೆಚ್ಚಿಸಿದಷ್ಟೂ ಅನಿಲ ಜಾಸ್ತಿ ಕರಗುತ್ತದೆ ಅಂತ ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದರು, ಗೋಲಿ ಒತ್ತಿದ ಕೂಡಲೇ ಒತ್ತಡ ಇಳಿದು ಗುಳ್ಳೆ ಏಳುತ್ತದೆ.

ತಿಕೋಟಾ ತೋಟ:

ಮಾಸ್ತರ್ರೇ, ಒಂದು ನನ್ನದೇ ಪ್ರಶ್ನೆ. ದ್ರಾಕ್ಷಿಗೆ ಡೌನಿ ಬೂಜು ರೋಗ ಬಂದಾಗ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡುತ್ತೇವೆ. ಮೈಲುತುತ್ತ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆಕಾಶ ನೀಲಿ ತಿಳಿ ನೀರು. ಸುಣ್ಣ ಸೇರಿಸಿದ ಕೂಡಲೇ ಗಸಿಯಾಗುತ್ತದೆ. ಕರಗಿದ್ದನ್ನು ಕರಗದ ಹಾಗೆ ಮಾಡಿ ಹೊಡೆಯುವುದು ಯಾಕೆ? ಕರಗಿದ್ದೇ ಹೊಡೆದರೆ ಆಗದಾ?

ಜಮಖಂಡಿ ಮಾಸ್ತರ:

ಕರಗಿದ ಮೈಲುತುತ್ತ ಹಾಗೇ ಹೊಡೆದರೆ ಎಲೆ ಸುಟ್ಟು ಹೋಗುತ್ತದೆ. ತಾಮ್ರ ಒಂದೇ ಸಲಕ್ಕೆ ಎಲೆಯೊಳಗೆ ಇಳಿಯುತ್ತದೆ, ಒಂದು ಮಳೆ ಬಂದರೆ ಉಳಿದದ್ದು ತೊಳೆದು ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರ ಕರಗದ ನೀಲಿ ಗಸಿಯಾಗುತ್ತದೆ, ಎಲೆಗೆ ಅಂಟಿ ಕೂರುತ್ತದೆ. ಇಬ್ಬನಿ ಬಿದ್ದಾಗ ಅದರಿಂದ ಸ್ವಲ್ಪ ಸ್ವಲ್ಪವೇ ತಾಮ್ರ ಕರಗಿ ಹೊರಗೆ ಬರುತ್ತದೆ. ಬೂಜಿನ ಬೀಜಾಣು ಸಾಯಲು ಅಷ್ಟು ಸಾಕು, ಎಲೆ ಸುಡಲು ಸಾಲದು. ಕರಗುವುದು ಕಡಿಮೆ ಇರುವುದೇ ಈ ಔಷಧದ ಗುಣ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ 1885ರಲ್ಲಿ ಇದನ್ನು ಪ್ರಕಟಿಸಿದರು, ಅದೂ ದ್ರಾಕ್ಷಿಯ ಇದೇ ಡೌನಿ ರೋಗಕ್ಕೆ.

ಶೇಕಡಾ ಒಂದರ ಬೋರ್ಡೋಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ತಿರುವಬೇಕು. ಕಬ್ಬಿಣದ ಡ್ರಮ್ ಬೇಡ. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ಒಂದು ನಿಮಿಷ ಬಿಡಿ. ಚಾಕುವಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ, ಕಬ್ಬಿಣ ಅದನ್ನು ಹೊರಗೆ ಎಳೆದಿದೆ. ಇನ್ನಷ್ಟು ಸುಣ್ಣ ಹಾಕಿ, ಚಾಕು ಹಾಗೇ ಬಿಳಿಯಾಗಿ ಬರುವ ತನಕ. ಮತ್ತೆ, ಇದು ಗಸಿ ತೇಲುವ ಮಿಶ್ರಣ ಆದ್ದರಿಂದ ಪಂಪಿನಲ್ಲಿ ಅಲುಗಾಡುತ್ತಲೇ ಇರಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು, ನಾಳೆಗೆ ಇಟ್ಟರೆ ಕಣ ದಪ್ಪವಾಗಿ ಅಂಟುವ ಗುಣ ಹೋಗುತ್ತದೆ.

ಅಥಣಿ ಡ್ರಿಪ್:

ಒಣದ್ರಾಕ್ಷಿ ಮಾಡುವವರಿಗೂ ಇದೇ ಮಾತು. ಹಣ್ಣು ಅದ್ದಲು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್. ಕಾರ್ಬೊನೇಟ್ ಕರಗುತ್ತದೆ, ಎಣ್ಣೆ ಕರಗುವುದಿಲ್ಲ, ಸಣ್ಣ ಹನಿಯಾಗಿ ನೀರಿನಲ್ಲಿ ಹರಡಿ ಹಾಲಿನ ಬಣ್ಣ ಬರುತ್ತದೆ. ಹಣ್ಣಿನ ಮೇಲಿನ ಮೇಣದ ಪದರದಲ್ಲಿ ನೀರು ಹೊರಗೆ ಬರಲು ದಾರಿ ಮಾಡುವುದು ಆ ಎಣ್ಣೆ. ಅದ್ದುವ ಆಳುಗಳು ನಡು ನಡುವೆ ಕಲಕದಿದ್ದರೆ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ, ಮೊದಲ ಕ್ರೇಟಿಗೆ ಎಣ್ಣೆ ಜಾಸ್ತಿ, ಕೊನೆಯ ಕ್ರೇಟಿಗೆ ಏನೂ ಇಲ್ಲ. ರ‍್ಯಾಕಿನಲ್ಲಿ ಒಂದು ಕಡೆ ಒಣಗಿ ಇನ್ನೊಂದು ಕಡೆ ಹಸಿ ಉಳಿಯಲು ಇದೂ ಒಂದು ಕಾರಣ.

ಇಂಡಿ ಲಿಂಬೆ:

ಕರಗಿದೆಯಾ ತೇಲುತ್ತಿದೆಯಾ ಅಂತ ಕಣ್ಣಿಗೆ ಗೊತ್ತಾಗದಿದ್ದರೆ ಏನು ಮಾಡಬೇಕು?

ಜಮಖಂಡಿ ಮಾಸ್ತರ:

ಕತ್ತಲೆ ಕೋಣೆ, ಎರಡು ಗಾಜಿನ ಲೋಟ. ಒಂದರಲ್ಲಿ ಉಪ್ಪಿನ ಬದಲು ಸಕ್ಕರೆ ಕರಗಿಸಿ, ಪ್ಯಾಕೆಟ್ ಉಪ್ಪಿನಲ್ಲಿ ಗಂಟು ಕಟ್ಟದಂತೆ ಬೇರೆ ಪುಡಿ ಸೇರಿಸಿರುತ್ತಾರೆ, ಅದು ಮಬ್ಬು ಮಾಡುತ್ತದೆ. ಇನ್ನೊಂದರಲ್ಲಿ ನೀರಿಗೆ ಎರಡು ಹನಿ ಎಮ್ಮೆ ಹಾಲು. ಮೊಬೈಲ್ ಟಾರ್ಚಿಗೆ ಸಣ್ಣ ತೂತಿನ ರಟ್ಟು ಹಿಡಿದು ಪಕ್ಕದಿಂದ ಬೆಳಕು ಬಿಡಿ. ಹಾಲಿನ ಲೋಟದಲ್ಲಿ ಬೆಳಕಿನ ದಾರಿ ಉದ್ದಕ್ಕೂ ಕಾಣುತ್ತದೆ. ಸಕ್ಕರೆಯ ಲೋಟದಲ್ಲಿ ಕಾಣುವುದಿಲ್ಲ, ಕರಗಿದ ಅಣು ಬೆಳಕು ಚದುರಿಸಲು ಆಗದಷ್ಟು ಸಣ್ಣದು. ಹಾಲಿನ ಕಣ ಅದಕ್ಕಿಂತ ಎಷ್ಟೋ ದೊಡ್ಡದು, ಆದರೂ ಬಟ್ಟೆಯಲ್ಲಿ ಸೋಸಿದರೆ ದಾಟಿ ಹೋಗುತ್ತದೆ, ತಳದಲ್ಲೂ ಕೂರುವುದಿಲ್ಲ. ಮಳೆಗಾಲದಲ್ಲಿ ಕೃಷ್ಣಾ ನದಿಯ ಕೆಂಪು ನೀರಿನಲ್ಲೂ ಇಂಥ ನುಣ್ಣನೆ ಮಣ್ಣಿನ ಕಣ ಇರುತ್ತವೆ. ಎಲ್ಲಕ್ಕೂ ಋಣ ವಿದ್ಯುತ್, ಒಂದನ್ನೊಂದು ದೂರ ತಳ್ಳುತ್ತವೆ. ಪಟಿಕ ತಿರುವಿದರೆ ಅದರ ಅಲ್ಯೂಮಿನಿಯಂ ಆ ತಳ್ಳಾಟ ನಿಲ್ಲಿಸಿ ಗುಂಪು ಕಟ್ಟಿಸಿ ಕೂರಿಸುತ್ತದೆ. ಕರಗಿದ ಲವಣದ ಮೇಲೆ ಪಟಿಕದ ಆಟ ನಡೆಯುವುದಿಲ್ಲ.

ತಿಕೋಟಾ ತೋಟ:

ಮಗಳು ಇದನ್ನೆಲ್ಲ ಓದಿದಳು. ಉಪ್ಪು, ಸಕ್ಕರೆ ಬೇಡ, ಬಿಸಿಗೂ ತಣ್ಣಗೂ ದೊಡ್ಡ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದು ಬೇಕು ಅನ್ನುತ್ತಾಳೆ. ಶಾಲೆಯಲ್ಲಿ ತೋರಿಸಬೇಕಂತೆ. ಗೋದಾಮಿನಲ್ಲಿ 13:0:45 ಇದೆ, ಅದರಲ್ಲಿ ಆಗುತ್ತದಾ?

ಜಮಖಂಡಿ ಮಾಸ್ತರ:

ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಅಡುಗೆ ಪಾತ್ರೆ ಬಳಸಬೇಡಿ, ಒಲೆಯ ಬೆಂಕಿ ಹತ್ತಿರ ಗೊಬ್ಬರದ ಪುಡಿ ಒಯ್ಯಬೇಡಿ, ನೀರನ್ನು ಬೇರೆ ಕಡೆ ಕಾಯಿಸಿ ತನ್ನಿ, ನೀವು ಪಕ್ಕದಲ್ಲೇ ಇರಿ. ಗಾಜಿನ ಬೀಕರಿನಲ್ಲಿ 100 ಮಿಲಿ ನೀರು, 70 ಡಿಗ್ರಿ ಮೇಲೆ ಇರಲಿ, ಯಾಕೆಂದರೆ ಪುಡಿ ಬಿದ್ದ ಕೂಡಲೇ ಉಷ್ಣತೆ ಇಳಿಯುತ್ತದೆ. ಬೀಕರನ್ನು ಇನ್ನೊಂದು ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟುಕೊಂಡೇ 80 ಗ್ರಾಂ ತೂಗಿ ಹಾಕಿ ಕಲಕಿ. 60 ಡಿಗ್ರಿಯಲ್ಲಿ 110 ಗ್ರಾಂ ತನಕ ಕರಗುತ್ತದೆ, ಹೀಗಾಗಿ 80 ಪೂರಾ ಕರಗಬೇಕು. ತಳದಲ್ಲಿ ಏನಾದರೂ ಉಳಿದರೆ ಬಿಸಿ ಇರುವಾಗಲೇ ಸೋಸಿ.

ಆಮೇಲೆ ಅಲುಗಿಸದೆ ಬಿಡಿ. 30 ಡಿಗ್ರಿಗೆ ಬಂದಾಗ ನೀರಿಗೆ 46 ಗ್ರಾಂ ಮಾತ್ರ ಹಿಡಿಯುತ್ತದೆ. 80ರಲ್ಲಿ 46 ಕಳೆದರೆ 34 ಗ್ರಾಂ ಉದ್ದ ಸೂಜಿ ಹರಳಾಗಿ ಹೊರಗೆ ಬರಬೇಕು. ಹರಳನ್ನು ಸೋಸು ಕಾಗದದಲ್ಲಿ ತೆಗೆದು ಒಣಗಿಸಿ ತೂಗಲಿ. 34 ಬರದೆ 31 ಬಂದರೆ ಬೇಜಾರು ಬೇಡ, ಸೋಸುವಾಗ ಕಾಗದದಲ್ಲಿ ಉಳಿದದ್ದು, ಕೋಣೆ 30ಕ್ಕಿಂತ ಬಿಸಿ ಇದ್ದದ್ದು, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಥರ್ಮಾಮೀಟರ್ ನೋಡಿ ಉಷ್ಣತೆ ಬರೆದಿಡಲಿ. ಸೋಸಿದ ನೀರು ಚೆಲ್ಲಬೇಡಿ, ಅದರಲ್ಲಿ ಇನ್ನೂ 46 ಗ್ರಾಂ ಗೊಬ್ಬರ ಕರಗಿದೆ, ಹತ್ತು ಹದಿನೈದು ಲೀಟರ್ ನೀರು ಬೆರೆಸಿ ದ್ರಾಕ್ಷಿ ಗಿಡಕ್ಕೆ ಹಾಕಿ.